ಕಾರ್ಪೊರೇಟರ್ ಯಾಕೆ ಬೇಕು? ಮುಂಬಯಿ ಮಹಾನಗರಪಾಲಿಕೆ ನಡೆಯುವ ಬಗೆ

2026ರ ಜನವರಿ 15ರಂದು ಮತ ಹಾಕಿ ಅಕ್ಕನ ಮಗ ನೇರ ನಮ್ಮ ಮನೆಗೆ ಬಂದ. ಅವನಿಗೆ ಈಗ 26 ವರ್ಷ. ಲೋಕಸಭೆಗೆ ಎರಡು ಸಲ, ವಿಧಾನಸಭೆಗೆ ಎರಡು ಸಲ ಮತ ಹಾಕಿದವ. ಮುಂಬಯಿ ಮಹಾನಗರಪಾಲಿಕೆಗೆ ಮಾತ್ರ ಇದೇ ಮೊದಲು. ಹಿಂದಿನ ಪಾಲಿಕೆ ಚುನಾವಣೆ ನಡೆದದ್ದು 2017ರ ಫೆಬ್ರವರಿಯಲ್ಲಿ. ಆಗ ಅವನಿಗೆ ಹದಿನೆಂಟು ತುಂಬಿರಲಿಲ್ಲ.

ಚಹಾ ಕುಡಿಯುತ್ತಾ ಕೇಳಿದ: "ಮಾಮ, ಎಂಪಿ ಇದ್ದಾರೆ, ಎಂಎಲ್‌ಎ ಇದ್ದಾರೆ. ಮತ್ತೆ ಈ ಕಾರ್ಪೊರೇಟರ್ ಯಾಕೆ? ನಾಲ್ಕು ವರ್ಷ ಅವರು ಇರಲೇ ಇಲ್ಲ. ಆದರೂ ನೀರು ಬಂತು, ಕಸದ ಗಾಡಿ ಬಂತು, ಅಲ್ವಾ?"

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷದಿಂದ ಈ ಊರಲ್ಲಿರುವ ಎಷ್ಟೋ ಕನ್ನಡಿಗರಿಗೂ ಇದಕ್ಕೆ ಉತ್ತರ ಗೊತ್ತಿಲ್ಲ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಸೊಸೈಟಿಯಿಂದಲೇ ಶುರುಮಾಡೋಣ

ಮುಂಬಯಿಯಲ್ಲಿ ಕಟ್ಟಡದ ಸೊಸೈಟಿ ಗೊತ್ತಿಲ್ಲದವರಿಲ್ಲ. ಎಲ್ಲ ಮನೆಯವರೂ ಮೆಂಬರುಗಳು. ಅವರು ಸೇರಿ ಒಂದು ಕಮಿಟಿ ಆರಿಸುತ್ತಾರೆ. ತಿಂಗಳ ಮೆಂಟೆನೆನ್ಸ್ ಎಷ್ಟು, ಟೆರೇಸಿಗೆ ವಾಟರ್‌ಪ್ರೂಫಿಂಗ್ ಯಾವಾಗ ಎಂದು ಕಮಿಟಿ ನಿರ್ಧರಿಸುತ್ತದೆ. ದಿನದ ಕೆಲಸ ನೋಡಲು ಒಬ್ಬ ಮ್ಯಾನೇಜರ್ ಇರುತ್ತಾನೆ. ಪಂಪ್ ಹಾಕಿಸುವುದು, ವಾಚ್‌ಮನ್ ಬಂದನೋ ಇಲ್ಲವೋ ನೋಡುವುದು ಅವನ ಪಾಲು.

ಪಾಲಿಕೆಯೂ ಹೆಚ್ಚುಕಡಿಮೆ ಹೀಗೆಯೇ. ಊರಿನ ಮತದಾರರೆಲ್ಲ ಮೆಂಬರುಗಳು. ಅವರು ಆರಿಸಿದ 227 ಜನ ಕಾರ್ಪೊರೇಟರುಗಳೇ ಕಮಿಟಿ. ಇಲ್ಲಿನ ಮಾತಿನಲ್ಲಿ ಇವರು ನಗರಸೇವಕರು. ದಿನದ ಆಡಳಿತ ನಡೆಸುವವರು ಮುನ್ಸಿಪಲ್ ಕಮಿಷನರ್, ಅಂದರೆ ಆಯುಕ್ತರು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಸೊಸೈಟಿಯ ಮ್ಯಾನೇಜರನ್ನು ಕಮಿಟಿಯೇ ನೇಮಿಸುತ್ತದೆ. ಪಾಲಿಕೆಯ ಕಮಿಷನರನ್ನು ಕಾರ್ಪೊರೇಟರುಗಳು ನೇಮಿಸುವುದಿಲ್ಲ. ಅವರು ಐಎಎಸ್ ಅಧಿಕಾರಿ, ಕಳಿಸಿಕೊಡುವುದು ರಾಜ್ಯ ಸರಕಾರ. ನಿಮ್ಮ ಸೊಸೈಟಿಯ ಮ್ಯಾನೇಜರನ್ನು ಬೇರೆ ಯಾರೋ ಮೇಲಿನಿಂದ ಕಳಿಸಿದರೆ ಹೇಗಿರುತ್ತದೆ? ಸಂಬಳ ನಿಮ್ಮದು, ನೇಮಕ ಅವರದು. ಮುಂಬಯಿ ಪಾಲಿಕೆಯ ಅರ್ಧ ಕಥೆ ಇಷ್ಟರಲ್ಲೇ ಇದೆ.

ಈ ಏರ್ಪಾಟು ಬಂದದ್ದು ಹೇಗೆ?

ಇದಕ್ಕೆ ಹಳೆಯದೊಂದು ಕಾರಣ ಇದೆ. 1865ರ ಕಾಯ್ದೆಯಲ್ಲಿ ಊರಿನ ಆಡಳಿತ ಒಬ್ಬ ಕಮಿಷನರನ ಕೈಗೆ ಬಂತು. ಅವನು ಆರ್ಥರ್ ಕ್ರಾಫರ್ಡ್. ಹೌದು, ಕ್ರಾಫರ್ಡ್ ಮಾರ್ಕೆಟ್ ಇದೆಯಲ್ಲ, ಅದೇ ಕ್ರಾಫರ್ಡ್. ಕೆಲಸಗಾರ ಮನುಷ್ಯ. ಮಾರ್ಕೆಟ್ ಕಟ್ಟಿಸಿದ, ರಸ್ತೆ ಮಾಡಿಸಿದ, ಊರಿನ ಕೊಳೆ ತೆಗೆಸಿದ. ಆದರೆ ಖರ್ಚಿಗೆ ಲಗಾಮು ಇರಲಿಲ್ಲ. ಸಾಲ ಬೆಳೆಯಿತು, ತೆರಿಗೆ ಕಟ್ಟುವವರು ತಿರುಗಿಬಿದ್ದರು. "ದುಡ್ಡು ನಮ್ಮದು, ಲೆಕ್ಕ ಕೇಳುವವರೂ ನಾವೇ ಆಗಬೇಕು" ಎಂಬುದು ಅವರ ವಾದದ ತಿರುಳು.

ಅದರಿಂದ 1872ರಲ್ಲಿ ಹೊಸ ಕಾಯ್ದೆ ಬಂತು. ತೆರಿಗೆ ಕಟ್ಟುವವರು ಆರಿಸಿದ ಸದಸ್ಯರಿರುವ ಕಾರ್ಪೊರೇಷನ್ ಹುಟ್ಟಿತು. ಮುಂದೆ 1888ರ ಕಾಯ್ದೆ ಇದನ್ನು ಗಟ್ಟಿ ಮಾಡಿತು. ಈ ಕೆಲಸದಲ್ಲಿ ವಕೀಲ ಫಿರೋಜ್‌ಷಾ ಮೆಹ್ತಾ ಅವರ ಪಾಲು ದೊಡ್ಡದು. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಪಾಲಿಕೆ ಕಟ್ಟಡದ ಮುಂದೆ ನಿಂತಿರುವ ಪ್ರತಿಮೆ ಅವರದೇ. ಎಷ್ಟೋ ತಿದ್ದುಪಡಿ ಆಗಿವೆ, ಆದರೆ ಇವತ್ತಿಗೂ ಪಾಲಿಕೆ ನಡೆಯುವುದು ಅದೇ 1888ರ ಕಾಯ್ದೆಯ ಮೇಲೆ.

ಹೀಗೆ ಅಧಿಕಾರ ಎರಡು ಪಾಲಾಯಿತು. ಏನು ಮಾಡಬೇಕು, ಎಷ್ಟು ಖರ್ಚು ಮಾಡಬಹುದು ಎನ್ನುವುದು ಆರಿಸಿ ಬಂದವರ ಪಾಲು. ಅದನ್ನು ಮಾಡಿಸುವುದು ಕಮಿಷನರ ಪಾಲು. ಕಮಿಷನರ ಮೇಲೆ ವಿಶ್ವಾಸ ಹೋದರೆ ಏನು ಗತಿ? ಒಟ್ಟು ಸದಸ್ಯರ ಎಂಟರಲ್ಲಿ ಐದು ಪಾಲು ಜನ ಮತ ಹಾಕಿದರೆ ಅವರನ್ನು ವಾಪಸ್ ಕಳಿಸಲು ಕಾಯ್ದೆಯಲ್ಲಿ ದಾರಿ ಇದೆ. ಒಂದೇ ಪಕ್ಷಕ್ಕೆ ಅಷ್ಟು ಬಲ ಸಿಗುವುದು ಕಷ್ಟ.

ಮೇಯರ್ ಏನು ಮಾಡುತ್ತಾರೆ?

ಮೇಯರ್ ಅಂದರೆ ಊರಿನ ಮುಖ್ಯಮಂತ್ರಿ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ. ಕಾರ್ಪೊರೇಟರುಗಳು ತಮ್ಮಲ್ಲೇ ಒಬ್ಬರನ್ನು ಎರಡೂವರೆ ವರ್ಷಕ್ಕೆ ಆರಿಸುತ್ತಾರೆ. ಅವರು ಸಭೆ ನಡೆಸುತ್ತಾರೆ, ಊರಿನ ಮೊದಲ ಪ್ರಜೆ ಎಂಬ ಮರ್ಯಾದೆ ಅವರಿಗೆ. ಅಧಿಕಾರಿಗಳ ಮೇಲೆ ಹುಕುಂ ಚಲಾಯಿಸುವ ಅಧಿಕಾರ ಅಷ್ಟಿಲ್ಲ. 1998ರಲ್ಲಿ ಮೇಯರ್ ಮತ್ತು ಒಂದು ಸಣ್ಣ ಮಂತ್ರಿಮಂಡಲದಂಥ ಗುಂಪಿಗೆ ಆಡಳಿತ ಕೊಡುವ ಪ್ರಯೋಗ ನಡೆಯಿತು. ಮರುವರ್ಷವೇ ಅದನ್ನು ಕೈಬಿಟ್ಟರು.

ವಾರ್ಡು ಅಂದರೆ ಯಾವ ವಾರ್ಡು?

ಜನ ಅತಿ ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿ. ಮುಂಬಯಿಯಲ್ಲಿ "ವಾರ್ಡು" ಎಂಬ ಒಂದೇ ಪದಕ್ಕೆ ಎರಡು ಅರ್ಥ.

ಮೊದಲನೆಯದು ಮತದ ವಾರ್ಡು. ಇದಕ್ಕೆ ನಂಬರ್ ಇರುತ್ತದೆ, 1ರಿಂದ 227ರ ತನಕ. ಒಂದು ನಂಬರಿಗೆ ಒಬ್ಬ ಕಾರ್ಪೊರೇಟರ್. ಮರಾಠಿಯಲ್ಲಿ ಇದನ್ನು ಪ್ರಭಾಗ ಎನ್ನುತ್ತಾರೆ. ಎರಡನೆಯದು ಆಡಳಿತದ ವಾರ್ಡು. ಇದಕ್ಕೆ ಇಂಗ್ಲಿಷ್ ಅಕ್ಷರದ ಹೆಸರು: ಕೋಟೆ, ಕೊಲಾಬಾ ಕಡೆ ಎ ವಾರ್ಡ್, ಕುರ್ಲಾ ಎಲ್ ವಾರ್ಡ್, ಮುಲುಂಡ್ ಟಿ ವಾರ್ಡ್. ಇಂಥವು ಬಹಳ ವರ್ಷ 24 ಇದ್ದವು. ತುಂಬಾ ದೊಡ್ಡದಾದವನ್ನು ಒಡೆಯುವ ಕೆಲಸ ಈಚೆಗೆ ಶುರುವಾಗಿದೆ. ಒಂದು ಅಕ್ಷರದ ವಾರ್ಡಿನೊಳಗೆ ಸರಾಸರಿ ಒಂಬತ್ತು-ಹತ್ತು ನಂಬರಿನ ವಾರ್ಡುಗಳು ಇರುತ್ತವೆ.

ಅಕ್ಷರದ ವಾರ್ಡಿಗೆ ಒಂದು ಕಚೇರಿ ಇದೆ. ಅದರ ಮುಖ್ಯಸ್ಥರು ಅಸಿಸ್ಟೆಂಟ್ ಕಮಿಷನರ್, ಜನರ ಬಾಯಲ್ಲಿ "ವಾರ್ಡ್ ಆಫೀಸರ್". ನೀರಿನ ಇಂಜಿನಿಯರ್, ರಸ್ತೆಯವರು, ಕಸದವರು, ಆರೋಗ್ಯದವರು, ಕಟ್ಟಡ ವಿಭಾಗದವರು ಎಲ್ಲ ಅವರ ಕಚೇರಿಯಲ್ಲಿ ಸಿಗುತ್ತಾರೆ. ಇವರು ಆರಿಸಿ ಬಂದವರಲ್ಲ, ನೌಕರರು.

ನಮ್ಮವರಿಗೆ ಗೊತ್ತಿರುವ ಜಾಗವನ್ನೇ ತೆಗೆದುಕೊಳ್ಳಿ. ಮಾಟುಂಗಾ ಪೂರ್ವದ ಮೈಸೂರು ಅಸೋಸಿಯೇಷನ್ ಇರುವುದು ಎಫ್ ನಾರ್ತ್ ವಾರ್ಡಿನಲ್ಲಿ. ಹಳಿ ದಾಟಿ ಮಾಟುಂಗಾ ಪಶ್ಚಿಮಕ್ಕೆ, ಕರ್ನಾಟಕ ಸಂಘದ ಕಡೆಗೆ ಬಂದರೆ ಜಿ ನಾರ್ತ್. ನಾಟಕ ನೋಡಲು ಇಲ್ಲಿಂದ ಅಲ್ಲಿಗೆ ನಡೆದೇ ಹೋಗುತ್ತೇವೆ. ಆದರೆ ಚರಂಡಿ ಕಟ್ಟಿಕೊಂಡರೆ ಫೋನು ಹೋಗಬೇಕಾದ ಕಚೇರಿಯೇ ಬೇರೆ, ಕಾರ್ಪೊರೇಟರೂ ಬೇರೆ.

ನಲ್ಲಿಯಲ್ಲಿ ಕೊಳೆನೀರು ಬಂತು ಎನ್ನಿ. ಮೊದಲು ದೂರು ಕೊಡಬೇಕಾದದ್ದು ಅಕ್ಷರದ ವಾರ್ಡಿನ ಕಚೇರಿಗೆ, ಇಲ್ಲವೇ 1916 ಎಂಬ ಫೋನ್ ನಂಬರಿಗೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕೆಲಸ ಆಗದಿದ್ದರೆ, ಅಥವಾ ಇಡೀ ಗಲ್ಲಿಯ ಪೈಪೇ ಹಳೆಯದಾಗಿ ಬದಲಾಯಿಸಬೇಕಿದ್ದರೆ, ಆಗ ಹೋಗಬೇಕಾದದ್ದು ನಂಬರಿನ ವಾರ್ಡಿನ ಕಾರ್ಪೊರೇಟರ ಹತ್ತಿರ. ದೂರಿನ ನಂಬರ್ ಕೈಯಲ್ಲಿದ್ದರೆ ಅವರಿಗೂ ಕೇಳಲು ಬಲ ಬರುತ್ತದೆ. ನಮ್ಮ ಸೊಸೈಟಿ ಇದು ತಿಳಿಯದೆ ಎರಡು ವರ್ಷ ತಪ್ಪು ಕಚೇರಿಗೆ ಅರ್ಜಿ ಬರೆಯಿತು. ಅದಕ್ಕೇ ಇದನ್ನು ಇಷ್ಟು ಉದ್ದ ಹೇಳುತ್ತಿದ್ದೇನೆ.

ಈ ಎರಡು ವಾರ್ಡುಗಳು ಒಂದೆಡೆ ಸೇರುವ ಜಾಗ ಪ್ರಭಾಗ ಸಮಿತಿ. ಒಂದು ಅಕ್ಷರದ ವಾರ್ಡಿನ ಕಾರ್ಪೊರೇಟರುಗಳೆಲ್ಲ ಅಲ್ಲಿ ಕೂತು ವಾರ್ಡ್ ಆಫೀಸರನ್ನು ಎದುರಿಗೇ ಕೇಳಬಹುದು. ಸಣ್ಣ ವಾರ್ಡುಗಳನ್ನು ಜೋಡಿಸಿರುವುದರಿಂದ 24 ವಾರ್ಡುಗಳಿಗೆ 17 ಸಮಿತಿಗಳಿದ್ದವು. ಇಂಥ ಸಮಿತಿಗಳಿಗೆ ದಾರಿ ಮಾಡಿದ್ದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ.

ಒಬ್ಬರ ಹಿಂದೆ ಎಷ್ಟು ಜನ?

2011ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ ಸುಮಾರು 1 ಕೋಟಿ 24 ಲಕ್ಷ. ಅದನ್ನು 227ರಿಂದ ಭಾಗಿಸಿದರೆ ಒಬ್ಬ ಕಾರ್ಪೊರೇಟರಿಗೆ 55 ಸಾವಿರದಷ್ಟು ಜನ. ಮುಂಬಯಿಗೆ ಶಾಸಕರು 36. ಒಬ್ಬ ಶಾಸಕರಿಗೆ ಮೂರು ಲಕ್ಷ ನಲವತ್ತು ಸಾವಿರ ದಾಟುತ್ತದೆ. ಸಂಸದರು ಆರೇ ಜನ. ಅಕ್ಕನ ಮಗನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ. ನಿಮ್ಮ ಗಲ್ಲಿಯ ದೀಪ ಉರಿಯುತ್ತಿಲ್ಲ ಎಂದು ಗೊತ್ತಿರುವಷ್ಟು ಹತ್ತಿರದ ಪ್ರತಿನಿಧಿ ಕಾರ್ಪೊರೇಟರ್ ಒಬ್ಬರೇ.

ಥಾಣೆ, ನವಿ ಮುಂಬಯಿ, ಪುಣೆಯ ನೆಂಟರು "ನಾವು ನಾಲ್ಕು ಸಲ ಬಟನ್ ಒತ್ತಿದೆವು" ಅಂದರೆ ಅದೂ ಸರಿ. ಅಲ್ಲಿ ಹೆಚ್ಚಿನ ಪ್ರಭಾಗಗಳಲ್ಲಿ ನಾಲ್ವರು ಸದಸ್ಯರು. ಮುಂಬಯಿಯಲ್ಲಿ ಮಾತ್ರ ಒಂದು ವಾರ್ಡಿಗೆ ಒಬ್ಬರೇ. ಹಾಗಾಗಿ ಯಾರನ್ನು ಕೇಳಬೇಕು ಎಂಬ ಗೊಂದಲ ಇಲ್ಲಿ ಕಡಿಮೆ.

227ರಲ್ಲಿ 114 ಸ್ಥಾನ ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 2, ಹಿಂದುಳಿದ ವರ್ಗಕ್ಕೆ 61. ಯಾವ ಮಹಿಳಾ ಸ್ಥಾನ ಎಲ್ಲಿ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆರಿಸಿ ಬಂದವರ ಜೊತೆಗೆ ಕೆಲವು ನಾಮನಿರ್ದೇಶಿತ ಸದಸ್ಯರೂ ಇರುತ್ತಾರೆ. ಅವರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ.

ದುಡ್ಡಿನ ಕೀಲಿ ಯಾರ ಹತ್ತಿರ?

ಪಾಲಿಕೆಯಲ್ಲಿ ಮೇಯರ್ ಕುರ್ಚಿಗಿಂತ ಜಾಸ್ತಿ ಪೈಪೋಟಿ ಇರುವುದು ಸ್ಥಾಯಿ ಸಮಿತಿಗೆ. ಇದರಲ್ಲಿ 27 ಸದಸ್ಯರು. ಸಭೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಲ ಇದೆಯೋ ಸಮಿತಿಯಲ್ಲೂ ಅದೇ ಅಳತೆಯಲ್ಲಿ ಪಾಲು. ವಾರಕ್ಕೊಮ್ಮೆಯಾದರೂ ಸೇರಬೇಕು. ದೊಡ್ಡ ಕಾಮಗಾರಿಯ ಟೆಂಡರು ಇಲ್ಲಿ ಒಪ್ಪಿಗೆ ಪಡೆಯದೆ ಮುಂದೆ ಹೋಗುವಂತಿಲ್ಲ. ಕಮಿಷನರು ಪ್ರಸ್ತಾಪ ತರುತ್ತಾರೆ, ಸಮಿತಿ ಪ್ರಶ್ನೆ ಕೇಳುತ್ತದೆ, ಒಪ್ಪುತ್ತದೆ ಅಥವಾ ವಾಪಸ್ ಕಳಿಸುತ್ತದೆ.

ಎಷ್ಟು ದುಡ್ಡು? 2025-26ರ ಬಜೆಟ್ 74,427 ಕೋಟಿ ರೂಪಾಯಿ. ದೇಶದ ಬೇರೆ ಯಾವ ನಗರಪಾಲಿಕೆಯದ್ದೂ ಇಷ್ಟಿಲ್ಲ. ಪ್ರತಿ ಫೆಬ್ರವರಿಯ ಮೊದಲ ದಿನಗಳಲ್ಲಿ ಕಮಿಷನರು ಬಜೆಟ್ಟನ್ನು ಸ್ಥಾಯಿ ಸಮಿತಿಯ ಅಧ್ಯಕ್ಷರ ಕೈಗೆ ಕೊಡುವುದು ಪದ್ಧತಿ. ಸಮಿತಿ ತಿದ್ದುತ್ತದೆ, ಆಮೇಲೆ ಇಡೀ ಸಭೆ ಚರ್ಚಿಸುತ್ತದೆ.

ಬರುವುದು ಎಲ್ಲಿಂದ? ಮೊದಲು ಊರೊಳಗೆ ಬರುವ ಸಾಮಾನಿನ ಮೇಲೆ ಜಕಾತಿ ಇತ್ತು, ಚೆಕ್‌ನಾಕಾಗಳಲ್ಲಿ ಲಾರಿಗಳ ಸಾಲು ನೆನಪಿರಬಹುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಅದು ನಿಂತಿತು. ಅದರ ಬದಲಿಗೆ ರಾಜ್ಯ ಸರಕಾರ ಪರಿಹಾರದ ಹಣ ಕೊಡುತ್ತದೆ. ಉಳಿದಂತೆ ಆಸ್ತಿ ತೆರಿಗೆ, ಕಟ್ಟಡ ಅನುಮತಿಯ ಶುಲ್ಕ, ನೀರಿನ ಬಿಲ್ಲು. 500 ಚದರ ಅಡಿಯೊಳಗಿನ ಮನೆಗಳಿಗೆ 2022ರಿಂದ ಆಸ್ತಿ ತೆರಿಗೆ ಇಲ್ಲ. ಎಷ್ಟೋ ನಮ್ಮ ಮನೆಗಳಿಗೆ ಅದು ದೊಡ್ಡ ಸಮಾಧಾನ. ಆದರೆ ಗಮನಿಸಿ, ಆ ತೀರ್ಮಾನ ಮಾಡಿದ್ದು ರಾಜ್ಯ ಸರಕಾರ. ಪಾಲಿಕೆಯ ಜೇಬು, ಕತ್ತರಿ ಮಾತ್ರ ರಾಜ್ಯದ ಕೈಯಲ್ಲಿ.

ಆ ನಾಲ್ಕು ವರ್ಷ ಏನಾಯಿತು?

ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನವೇ ಹೇಳುತ್ತದೆ. ಹಿಂದಿನ ಸಭೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ಆದರೆ ಹಿಂದುಳಿದ ವರ್ಗದ ಮೀಸಲಾತಿಯ ತಕರಾರು ಕೋರ್ಟಿನಲ್ಲಿತ್ತು. ವಾರ್ಡುಗಳು 227 ಇರಬೇಕೋ 236 ಆಗಬೇಕೋ ಎಂಬ ಜಗಳವೂ ಸೇರಿಕೊಂಡಿತು. ಒಂದು ಸರಕಾರ ಹೆಚ್ಚಿಸಿತು, ಮುಂದಿನದು ಮತ್ತೆ ಇಳಿಸಿತು. ಕೊನೆಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಚುನಾವಣೆ ನಡೆಸಿ ಎಂದು ಆದೇಶಿಸಿತು.

ಈ ನಡುವೆ ಕಮಿಷನರನ್ನೇ ಆಡಳಿತಾಧಿಕಾರಿಯಾಗಿ ನೇಮಿಸಲಾಯಿತು. ಅಂದರೆ ಪ್ರಸ್ತಾಪ ತರುವವರೂ ಅವರೇ, ಒಪ್ಪಿಗೆ ಕೊಡುವವರೂ ಅವರೇ. 2023, 2024, 2025ರ ಮೂರು ಬಜೆಟ್ಟುಗಳು ಆರಿಸಿ ಬಂದ ಒಬ್ಬ ಸದಸ್ಯರೂ ಇಲ್ಲದೆ ಪಾಸಾದವು. ಹುಡುಗ ಹೇಳಿದ ಹಾಗೆ ನೀರು ಬಂತು, ಕಸದ ಗಾಡಿಯೂ ಬಂತು. ಕೆಲಸ ನಿಲ್ಲಲಿಲ್ಲ. ನಿಂತದ್ದು "ಇದಕ್ಕೆ ಇಷ್ಟು ಯಾಕೆ? ನಮ್ಮ ವಾರ್ಡಿಗೆ ಯಾಕಿಲ್ಲ?" ಎಂದು ಸಭೆಯಲ್ಲಿ ಎದ್ದುನಿಂತು ಕೇಳುವ ದನಿ. 1872ರಲ್ಲಿ ತೆರಿಗೆ ಕಟ್ಟುವವರು ಜಗಳವಾಡಿ ಪಡೆದದ್ದು ಅದನ್ನೇ.

ಹೋಟೆಲಿನ ಗಲ್ಲಾದಿಂದ ನೋಡಿದರೆ

ಪಾಲಿಕೆಯ ಕೈಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯಲು ನಮ್ಮವರ ಒಂದು ಹೋಟೆಲು ಸಾಕು. ಗೋಡೆಗೆ ತೂಗುಹಾಕಿದ ಕಾಗದಗಳನ್ನೇ ಓದಿ. ಅಂಗಡಿ ನೋಂದಣಿ, ಅಂದರೆ ಗುಮಾಸ್ತಾ, ಪಾಲಿಕೆಯದ್ದು. ಹೆಲ್ತ್ ಲೈಸೆನ್ಸ್ ಪಾಲಿಕೆಯದ್ದು. ಅಗ್ನಿಶಾಮಕ ದಳವೂ ಪಾಲಿಕೆಗೇ ಸೇರಿದ್ದು, ಅದರ ಎನ್‌ಒಸಿ ಅಲ್ಲಿಂದಲೇ. ನಲ್ಲಿಯ ನೀರು ಪಾಲಿಕೆ ಏಳು ಕೆರೆಗಳಿಂದ ತರುವುದು. ಅವುಗಳಲ್ಲಿ ವಿಹಾರ್, ತುಳಸಿ ಮಾತ್ರ ಊರೊಳಗಿನವು, ತಾನ್ಸಾ, ಭಾತ್ಸಾದಂಥ ಉಳಿದ ಐದು ಹೊರಗಿನವು. ಹಿಂದಿನ ಬಾಗಿಲಿನ ಹಸಿಕಸ ಒಯ್ಯುವುದೂ ಪಾಲಿಕೆ.

ಆದರೆ ಬಾರ್ ಇದ್ದರೆ ಆ ಲೈಸೆನ್ಸ್ ರಾಜ್ಯದ ಅಬಕಾರಿ ಇಲಾಖೆಯದ್ದು. ಎದುರಿನ ಟ್ರಾಫಿಕ್ ಪೊಲೀಸ್ ರಾಜ್ಯದವರು. ಕರೆಂಟು ದಕ್ಷಿಣ ಮುಂಬಯಿಯಲ್ಲಾದರೆ ಬೆಸ್ಟ್, ಅದು ಪಾಲಿಕೆಯದೇ ಸಂಸ್ಥೆ. ಉಪನಗರದಲ್ಲಾದರೆ ಹೆಚ್ಚಾಗಿ ಖಾಸಗಿ ಕಂಪನಿ. ಹುಡುಗರು ಬರುವ ಲೋಕಲ್ ಟ್ರೈನ್ ಕೇಂದ್ರದ ರೈಲ್ವೆಯದ್ದು, ಮೆಟ್ರೋ ಪಾಲಿಕೆಯದ್ದಲ್ಲ, ಕೆಂಪು ಬಸ್ಸು ಮತ್ತೆ ಬೆಸ್ಟಿನದ್ದು. ಝೋಪಡಿ ಪುನರ್ವಸತಿಗೆ ಎಸ್‌ಆರ್‌ಎ, ಮ್ಹಾಡಾ ಕಟ್ಟಡಕ್ಕೆ ಮ್ಹಾಡಾ ಎಂಬ ವಸತಿ ಮಂಡಳಿ, ಎರಡೂ ರಾಜ್ಯದವು. ಪೂರ್ವ, ಪಶ್ಚಿಮ ಎಕ್ಸ್‌ಪ್ರೆಸ್ ಹೈವೇಗಳ ಹೊಂಡಕ್ಕೆ ಕೆಲವು ವರ್ಷಗಳ ಹಿಂದಿನ ತನಕ ರಾಜ್ಯದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಯನ್ನು ಕೇಳಬೇಕಿತ್ತು. ಈಗ ಆ ರಸ್ತೆಗಳು ಪಾಲಿಕೆಯ ಪಾಲಿಗೆ ಬಂದಿವೆ.

ಕಾರ್ಪೊರೇಟರನ್ನು ಹಿಡಿದು "ಲೋಕಲ್ ಟ್ರೈನ್ ಲೇಟು" ಎಂದು ಬೈಯುವವರನ್ನು ನೋಡಿದ್ದೇನೆ. ಪಾಪ, ಅದು ಅವರ ಕೈಯಲ್ಲಿಲ್ಲ.

ಕನ್ನಡಿಗರಿಗೆ ಪ್ರತಿನಿಧಿ ಯಾರು?

ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು ಮತ್ತು ಕನ್ನಡ. ಬೇರೆ ರಾಜ್ಯದ ಒಂದು ನಗರ ತನ್ನ ದುಡ್ಡಿನಲ್ಲಿ ಕನ್ನಡ ಶಾಲೆ ನಡೆಸುವುದು ಸಣ್ಣ ಮಾತಲ್ಲ. ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆ ನಮ್ಮ ಪ್ರತಿ ಸಭೆಯಲ್ಲೂ ಕೇಳುತ್ತೇವೆ. ಆದರೆ ಆ ಚಿಂತೆಯನ್ನು ಎಲ್ಲಿ ಹೇಳಬೇಕು?

ಪಾಲಿಕೆಯ ಪ್ರಾತಿನಿಧ್ಯ ಜಾಗದ ಮೇಲೆ ನಿಂತಿದೆ, ಭಾಷೆಯ ಮೇಲೆ ಅಲ್ಲ. ನಾವು ಒಂದೇ ವಾರ್ಡಿನಲ್ಲಿ ಇಲ್ಲ. ಕುರ್ಲಾದಲ್ಲಿ ಸ್ವಲ್ಪ, ಭಾಂಡುಪಿನಲ್ಲಿ ಸ್ವಲ್ಪ, ಸಾಂತಾಕ್ರೂಜ್, ವಡಾಲಾ, ಬೊರಿವಲಿ ಹೀಗೆ ಚದುರಿದ್ದೇವೆ. ಕನ್ನಡಿಗರ ಮತದಿಂದಲೇ ಗೆಲ್ಲುವ ವಾರ್ಡು ಇಲ್ಲ. ಹಾಗಾಗಿ ನಮ್ಮ ಶಾಲೆಯ ಮಾತನ್ನು ಸಭೆಯಲ್ಲಿ ಎತ್ತುವವರು ಕನ್ನಡ ಬಾರದ ಕಾರ್ಪೊರೇಟರೂ ಆಗಿರಬಹುದು. ಶಾಲೆ ಇರುವ ವಾರ್ಡಿನಿಂದ ಗೆದ್ದವರ ಹತ್ತಿರ ಆ ಶಾಲೆಯ ಪೋಷಕರೇ ಹೋಗಬೇಕು. ಸಂಘದ ಅಧ್ಯಕ್ಷರು ಬೇರೆ ವಾರ್ಡಿನವರಾದರೆ ಅವರ ಮಾತಿಗೆ ಅಷ್ಟು ತೂಕ ಇಲ್ಲ.

ಇನ್ನೊಂದು ಬಾಗಿಲು ಶಿಕ್ಷಣ ಸಮಿತಿ. ಸ್ಥಾಯಿ ಸಮಿತಿಯ ಹಾಗೆ ಇದೂ ಕಾಯ್ದೆಯಲ್ಲಿ ಹೇಳಿದ ಸಮಿತಿಯೇ. ಊರಿನ ಎಲ್ಲ ಪಾಲಿಕೆ ಶಾಲೆಗಳ ವಿಷಯ ಇದರ ಮುಂದೆ ಬರುತ್ತದೆ. ಶಿಕ್ಷಣದ ಬಜೆಟ್ಟನ್ನು ಪ್ರತಿ ಫೆಬ್ರವರಿಯಲ್ಲಿ ಬೇರೆಯಾಗಿಯೇ ಮಂಡಿಸುತ್ತಾರೆ. ಮಾರ್ಚ್ ಕೊನೆಯೊಳಗೆ ಎಲ್ಲ ತೀರ್ಮಾನ ಆಗುತ್ತದೆ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಮೇಷ್ಟ್ರಿಲ್ಲ ಎಂದು ಓಡಾಡುವುದಕ್ಕಿಂತ, ನವೆಂಬರ್-ಡಿಸೆಂಬರಿನಲ್ಲೇ ಅರ್ಜಿ ಕೊಟ್ಟರೆ ಅದು ಲೆಕ್ಕ ಹಾಕುವ ಹೊತ್ತಿಗೆ ಮೇಜಿನ ಮೇಲಿರುತ್ತದೆ.

ಇಷ್ಟು ಹೇಳುವ ಹೊತ್ತಿಗೆ ಚಹಾ ಆರಿತ್ತು. ಹುಡುಗ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ. "ಅಮ್ಮ ಓದಿದ ಶಾಲೆ ಯಾವ ನಂಬರಿನ ವಾರ್ಡಿಗೆ ಬರುತ್ತದೆ ಮಾಮ?" ಎಂದು ಕೇಳಿದ. ಅಕ್ಕ ನಾಲ್ಕನೆಯ ಕ್ಲಾಸಿನ ತನಕ ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ. ನಕಾಶೆ ತೆರೆದು ಇಬ್ಬರೂ ಹುಡುಕಲು ಕೂತೆವು.